ಪಿಸ್ತೂಲು ಇಸ್ಕೊಳ್ಳೋದು ಯಾರು?

ಮ್ಯಾನೇಜರ್ ಆ ಬೆಳಿಗ್ಗೆ ತಾವೇ ಮೊಳೆ ಹೊಡೆದು ತಗುಲಿಹಾಕಿದ ಬೋರ್ಡೇ ಎಲ್ಲ ರಾಮಾಯಣಕ್ಕೂ ಮೂಲ: 'ಬಂದೂಕು, ಪಿಸ್ತೂಲು ತಂದಿರುವ ಅತಿಥಿಗಳು ಅದನ್ನು ಕೌಂಟರಿನಲ್ಲಿ ಒಪ್ಪಿಸತಕ್ಕದ್ದು.'

ಕೌಂಟರಿನಲ್ಲಿ ಕೂರುವವನು ಗುಬ್ಬಿ. ಹೋಟೆಲಿನವರೇ ಇಟ್ಟ ಹೆಸರು. ಯಾರಾದರೂ ಜೋರಾಗಿ ಸೀನಿದರೂ ಕುರ್ಚಿಯಿಂದ ಎಗರಿ ಬೀಳುವ ಆಸಾಮಿ.

"ಸರ್, ಯಾರಾದ್ರೂ ನಿಜವಾಗ್ಲೂ ಒಪ್ಪಿಸಿಬಿಟ್ರೆ?"

"ತಗೊಂಡು ಲಾಕರಲ್ಲಿಡು. ಅದೇನು ಕಚ್ಚುತ್ತಾ?"

ಮಧ್ಯಾಹ್ನ ರೂಮು ಗುಡಿಸುವ ಅಕ್ಕ ಪೊರಕೆ ಸಮೇತ ಓಡಿಬಂದಳು. "ಗುಬ್ಬೀ, ಮೂಲೆ ರೂಮಿನ ಮೀಸೆಯೋರ ದಿಂಬಿನ ಕೆಳಗೆ ಪಿಸ್ತೂಲಿದೆ ಕಣೋ! ಹಾಸಿಗೆ ಕೊಡವೋಕೆ ಹೋದ್ರೆ ನನ್ನ ಕೈಗೇ ಸಿಕ್ತು."

"ನೀನು ನೋಡಿಲ್ಲ ಅಂದ್ಕೋ ಅಕ್ಕಾ. ನಾನೂ ಕೇಳಿಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಕಿವಿಗೆ ಬಿದ್ದಾಗಿತ್ತು. "ಹೋಗು, ಇಸ್ಕೊಂಡು ಬಾ."

"ನೀವೂ ಬನ್ನಿ ಸರ್..."

"ನಾನು ಇಲ್ಲಿಂದಲೇ ಧೈರ್ಯ ಹೇಳ್ತೀನಿ."

ಅಡುಗೆಯವನು ಕಿಟಕಿಯಿಂದ ತಲೆ ಹಾಕಿ, "ಎದುರಿಗೆ ನಿಲ್ಬೇಡ, ಓರೆಯಾಗಿ ನಿಂತ್ಕೋ. ಸಣಕಲ ನೀನು, ಗುರಿ ತಪ್ಪುತ್ತೆ" ಎಂದ.

ಮೆಟ್ಟಿಲು ಹತ್ತುವಾಗ ಗುಬ್ಬಿಯ ನಾಲಿಗೆ ಬಿಸಿಲಿಗೆ ಹಾಕಿದ ಟವೆಲಿನಂತೆ ಒಣಗಿತ್ತು. ಬಾಗಿಲು ತಟ್ಟಿದ. ಸಂದಿಯಲ್ಲಿ ಅರ್ಧ ಮೀಸೆ ಕಾಣಿಸಿತು.

"ಯಾರು ಕಳಿಸಿದ್ದು ನಿನ್ನ?"

"ಬೋ... ಬೋರ್ಡು ಸರ್."

ಮೀಸೆಯವರು ಬೋರ್ಡಿನ ಕತೆ ಕೇಳಿ, ನಿಟ್ಟುಸಿರು ಬಿಟ್ಟು, ಪಿಸ್ತೂಲು ತಂದುಕೊಟ್ಟರು. ಗುಬ್ಬಿ ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದು ಕೆಳಗಿಳಿದ. ಕಂಡದ್ದೇ ತಡ, ಮ್ಯಾನೇಜರ್ ಸೋಫಾದ ಹಿಂದೆ ಮಾಯವಾದರು. ಲಾಕರಿಗೆ ಬೀಗ ಬಿದ್ದ ಮೇಲೇ ಗುಬ್ಬಿಗೆ ಹೋದ ಜೀವ ಬಂದದ್ದು.

ಬಂದ ಜೀವ ಬಹಳ ಹೊತ್ತು ನಿಲ್ಲಲಿಲ್ಲ. ಮೀಸೆಯವರು ಹಿಂದೆಯೇ ಇಳಿದುಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನನ್ನ ಭಾಮೈದ ನನ್ನ ಮುಗಿಸ್ತೀನಿ ಅಂತ ಊರೂರು ಹುಡುಕ್ತಿದ್ದಾನೆ. ಅದೊಂದು ಪಕ್ಕದಲ್ಲಿತ್ತು ಅಂತ ಕಣ್ಣು ಮುಚ್ತಿದ್ದೆ. ಈಗ ನನಗ್ಯಾರ್ರೀ ದಿಕ್ಕು?"

"ವಾಪಸ್ ಕೊಟ್ಬಿಡೋಣ ಸರ್!" ಎಂದ ಗುಬ್ಬಿ ಆಸೆಯಿಂದ.

"ನಿಯಮ ಅಂದ್ರೆ ನಿಯಮ" ಎಂದರು ಮ್ಯಾನೇಜರ್, ಸೋಫಾದ ಹಿಂದಿನಿಂದ ಏಳುತ್ತ. "ಸ್ವಾಮಿ, ನಮ್ಮ ಹುಡುಗ ನಿಮ್ಮ ರೂಮಲ್ಲೇ ಕಾವಲಿರ್ತಾನೆ. ಕೌಂಟರ್ ನಾನು ನೋಡ್ಕೋತೀನಿ."

ಹೀಗೆ ಗುಬ್ಬಿ ಅಂಗರಕ್ಷಕನಾದ. ಬಾಗಿಲಿಗೆ ಮೇಜು ಅಡ್ಡ ಇಟ್ಟು, ಅಕ್ಕನ ಪೊರಕೆ ಹಿಡಿದು ನಿಂತ. ಕಾರಿಡಾರಿನಲ್ಲಿ ಬೂಟಿನ ಸದ್ದು ಬಂತು, ಹತ್ತಿರವಾಯಿತು, ಬಾಗಿಲ ಮುಂದೆಯೇ ನಿಂತಿತು.

"ಭಾವಾ, ಒಳಗಿದ್ದೀರಾ?"

ಮೀಸೆಯವರು ಮಂಚದ ಕೆಳಗೆ ನುಗ್ಗಿದರು. ಅಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ.

ಗುಬ್ಬಿ ಇದ್ದಬದ್ದ ದನಿಯನ್ನೆಲ್ಲ ಒಟ್ಟು ಮಾಡಿಕೊಂಡ. "ಸರ್... ಬಂದೂಕು ಗಿಂದೂಕು ಇದ್ರೆ ಕೌಂಟರಲ್ಲಿ ಒಪ್ಪಿಸಿ ಬನ್ನಿ. ಬೋರ್ಡಿದೆ."

"ನೋಡ್ದೆ ಕಣಪ್ಪ. ಒಪ್ಪಿಸೋಣ ಅಂತ ನಿಂತೂ ನಿಂತೆ. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ." ಹೊರಗೆ ಏನೋ ಕಟಕ್ಕೆಂದಿತು. "ನೀನೇನಾ ಕೌಂಟರಿನೋನು? ಬಾಗಿಲು ತೆಗಿ, ನಿನಗೇ ಕೊಡ್ತೀನಿ."