ಗೌಡರನ್ನು ನೆಟ್ಟಗೆ ಮಾಡಿದ ನೂಲು

ತನಗೆ ತಿಳಿಯದ್ದನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಅದೇ ಪಾಠವಾಗುತ್ತದೆ ಎಂಬ ಧೈರ್ಯದ ಮೇಲೆ ನಾನು ಹನ್ನೊಂದು ವರ್ಷ ಮೇಷ್ಟರ ಕೆಲಸ ಮಾಡಿದ್ದೇನೆ. ಚಳ್ಳಕೆರೆಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ಮೊಳಕಾಲ್ಮೂರಿಗೆ ವರ್ಗವಾಗಿ ಬಂದ ವರ್ಷವೇ ಸರ್ಕಾರದವರು ಪ್ರೈಮರಿ ಮಕ್ಕಳಿಗೆ ಶಾಖ, ಬೆಳಕು ಎರಡನ್ನೂ ಕಲಿಸಬೇಕೆಂದು ತೆಳ್ಳನೆಯ ಪುಸ್ತಕವೊಂದನ್ನು ಕಳಿಸಿದರು. ಶಾಖದ ಪಾಠಕ್ಕೆ ನಾನು ಕಷ್ಟಪಡಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣದ ಚಿಲಕ ಕೈ ಸುಡುತ್ತದೆ, ಅದೇ ಬಿಸಿಲಲ್ಲಿರುವ ಮರದ ಬಾಗಿಲು ಅಷ್ಟು ಸುಡುವುದಿಲ್ಲ ಎಂಬುದು ಮಕ್ಕಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಚಿಲಕ ತೆಗೆಯುವ ಕೆಲಸವನ್ನು ಅವರು ನನಗೇ ಬಿಟ್ಟಿದ್ದೂ ಅದಕ್ಕೇ.

ಸಿಕ್ಕಿಬಿದ್ದದ್ದು ಬೆಳಕಿನಲ್ಲಿ. ಬೆಳಕು ನೇರವಾಗಿ ಸಾಗುತ್ತದೆ, ಕೋಣೆಯನ್ನು ಕತ್ತಲೆ ಮಾಡಿ ತೋರಿಸಿರಿ ಎಂದು ಪುಸ್ತಕ ಹೇಳಿ ಸುಮ್ಮನಾಗಿತ್ತು. ನಮ್ಮ ಶಾಲೆ ಇದ್ದದ್ದು ಚನ್ನಬಸಪ್ಪ ಗೌಡರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದ ಹಳೆಯ ಜೋಳದ ಉಗ್ರಾಣದಲ್ಲಿ. ಬಾಗಿಲು ಹಾಕಿದೆ. ಬಾಗಿಲಿನ ಹಲಗೆಯಲ್ಲಿ ಕಡಲೆಕಾಳಷ್ಟು ತೂತಿತ್ತು. ಅದರಿಂದ ಒಂದು ಕಿರಣ ಬರುತ್ತದೆಂದು ಕಾದರೆ, ಎದುರಿನ ಸುಣ್ಣದ ಗೋಡೆಯ ಮೇಲೆ ಇಡೀ ಬೀದಿಯೇ ಬಂದುಬಿಟ್ಟಿತು, ಅದೂ ತಲೆಕೆಳಗಾಗಿ! ಬೇವಿನ ಮರ ಬಾವಲಿಯಂತೆ ಜೋತಾಡುತ್ತಿತ್ತು. ಎತ್ತಿನ ಗಾಡಿಯೊಂದು ಚಕ್ರ ಮೇಲೆ ಮಾಡಿಕೊಂಡು ಹೋಯಿತು. ಅದರ ಹಿಂದೆಯೇ ದೊಡ್ಡ ರುಮಾಲು ಸುತ್ತಿದ ಚನ್ನಬಸಪ್ಪ ಗೌಡರು ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು ಗಂಭೀರವಾಗಿ ನಡೆದುಬಂದರು. ಮಕ್ಕಳು ನಕ್ಕ ನಗೆಗೆ ಗೌಡರು ನಿಂತರು, ಬಾಗಿಲು ತಳ್ಳಿದರು, ವಿಷಯ ಕೇಳಿದರು. ಮಕ್ಕಳು ಇದ್ದದ್ದನ್ನು ಇದ್ದಂತೆ ಹೇಳಿದರು.

ಮಾರನೆಯ ದಿನದಿಂದ ಗೌಡರು ಬೀದಿಗೆ ಬಂದರೆ ಸಾಕು, ಮಕ್ಕಳು ಕತ್ತು ಓರೆ ಮಾಡಿ ನೋಡತೊಡಗಿದರು. ನ್ಯಾಯಕ್ಕೆ ಬಂದವನೊಬ್ಬನು ಅವರ ತೀರ್ಪು ಕೇಳಿ, ಮೇಷ್ಟ್ರ ಗೋಡೆಯಲ್ಲಿ ಕಂಡಂತೆಯೇ ಇದೆ ಎಂದನಂತೆ. ಹಂಪಿಯ ಗುಡಿಯೊಳಗೆ ಗೋಪುರವೂ ಹೀಗೆಯೇ ಕಾಣುತ್ತದಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ.

"ಅಲ್ಲಿ ಗೋಪುರ ತಲೆಕೆಳಗಾಗೋದು ದೇವರ ಮಹಿಮೆ. ಇಲ್ಲಿ ನಾನು ತಲೆಕೆಳಗಾಗೋದು ನಿಮ್ಮ ಚೇಷ್ಟೆ" ಎಂದರು ಗೌಡರು. "ಸೋಮವಾರದೊಳಗೆ ನನ್ನ ನೆಟ್ಟಗೆ ಮಾಡ್ರಿ. ಇಲ್ಲಾಂದ್ರೆ ಉಗ್ರಾಣ ಖಾಲಿ ಮಾಡ್ರಿ."

ಉಗ್ರಾಣ ಹೋದರೆ ಶಾಲೆಯೇ ಹೋದಂತೆ. ಪುಸ್ತಕ ತಿರುವಿದೆ, ಬೆಳಕು ನೇರವಾಗಿ ಸಾಗುತ್ತದೆ ಎನ್ನುವುದನ್ನು ಬಿಟ್ಟು ಬೇರೆ ಮಾತೇ ಇಲ್ಲ. ತೂತಿನ ಕಡೆಯಿಂದ ನೋಡಿದೆ, ಮಲಗಿ ನೋಡಿದೆ, ಕೊನೆಗೆ ಶಾಲೆಯಲ್ಲಿ ಯಾರೂ ಇಲ್ಲದಾಗ ಗೋಡೆಗೆ ಒರಗಿ ಶೀರ್ಷಾಸನ ಹಾಕಿದೆ. ಬೀದಿ ನೆಟ್ಟಗಾಯಿತು, ನನ್ನ ಕತ್ತು ಉಳುಕಿತು.

ಉಳುಕು ತೆಗೆಸಲು ಹೆಂಡತಿ ನನ್ನನ್ನು ಪಕ್ಕದ ಮನೆಯ ನರಸಮ್ಮನ ಬಳಿಗೆ ಕರೆದುಕೊಂಡು ಹೋದಳು. ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವ ನರಸಮ್ಮನ ಕೈ ಉಳುಕಿಗೂ ಹೆಸರಾದದ್ದು. ಎಣ್ಣೆ ಹಚ್ಚಿ ನೀವುತ್ತಾ ಆಕೆ ನನ್ನ ಕಥೆಯನ್ನೆಲ್ಲ ಕೇಳಿದರು. ಆಮೇಲೆ ಮಗ್ಗದ ಕಡೆ ನೋಡಿ, "ಬೆಳಕು ಎಲ್ಲೂ ಬಗ್ಗಲ್ಲ ಅಂತೀರಲ್ಲ ನಾಯನಾ, ಬಿಗಿಯಾಗಿ ಎಳೆದ ನೂಲಿದ್ದಂಗೆ ಅನ್ರಿ" ಎಂದರು. ನಾನು ಹೌದೆಂದೆ. ಹಾಗಾದರೆ ಸೋಮವಾರ ನಾನೇ ಬರುತ್ತೇನೆ, ಗೌಡರು ರುಮಾಲು ಬಿಚ್ಚಿಕೊಡಲು ಸಿದ್ಧರಾಗಿರಲಿ ಎಂದರು. ಈ ಮಾತನ್ನು ನಾನು ಗೌಡರಿಗೆ ಬಾಗಿಲಾಚೆಯಿಂದಲೇ ಮುಟ್ಟಿಸಿ ಬಂದೆ.

ಸೋಮವಾರ ಅರ್ಧ ಊರೇ ಸೇರಿತು. ನರಸಮ್ಮ ಬೀದಿಯಲ್ಲಿ ಒಂದು ಕೋಲು ನೆಡಿಸಿ, ಅದರ ತುದಿಗೆ ಗೌಡರ ರುಮಾಲು, ಬುಡಕ್ಕೆ ಅವರ ಕಾಲಿನ ಜೋಡು ಇಡಿಸಿದರು. ರುಮಾಲಿಗೆ ಕೆಂಪು ನೂಲು, ಜೋಡಿಗೆ ಹಳದಿ ನೂಲು ಕಟ್ಟಿ, ಎರಡನ್ನೂ ಬಾಗಿಲ ತೂತಿನಲ್ಲಿ ತೂರಿಸಿ, ಒಳಗೆ ಬಂದು ಬಾಗಿಲು ಹಾಕಿಸಿದರು. ಕೆಂಪು ನೂಲನ್ನು ಬಗ್ಗದಂತೆ ಬಿಗಿಯಾಗಿ ಎಳೆದು ಗೋಡೆಗೆ ಹಿಡಿದರೆ ಅದು ಸೀದಾ ಕೆಳಗೆ ಬಂತು. ಅಲ್ಲೇ ರುಮಾಲು ಕಾಣುತ್ತಿತ್ತು. ಹಳದಿ ನೂಲು ಸೀದಾ ಮೇಲೆ ಹೋಯಿತು, ಅಲ್ಲಿ ಜೋಡು. ಗೌಡರು ಬರಿತಲೆಯಲ್ಲೇ ಎದ್ದು ಬಂದು ಕೆಂಪು ನೂಲನ್ನು ಕಿತ್ತುಕೊಂಡು ಮೇಲಕ್ಕೆತ್ತಿದರು. ನೂಲು ತೂತಿನ ಹತ್ತಿರ ಮಡಿಚಿಕೊಂಡಿತು.

"ಮ್ಯಾಲೆ ಒಯ್ಯಬೇಕಂದ್ರೆ ಇದು ಬಗ್ಗಬೇಕಲ್ಲ" ಎಂದರು.

"ಬೆಳಕು ಬಗ್ಗಲ್ರಿ ಗೌಡ್ರೇ" ಎಂದರು ನರಸಮ್ಮ. "ಅದು ನೆಟ್ಟಗೈತೆ, ನೀವೂ ನೆಟ್ಟಗಿದ್ದೀರಿ. ತೂತು ಸಣ್ಣದು, ಅಲ್ಲಿ ಎರಡು ದಾರಿನೂ ಒಂದಕ್ಕೊಂದು ಅಡ್ಡ ಹಾಯ್ತಾವೆ, ಅಷ್ಟೇಯ."

ಗೌಡರು ಆ ಎರಡು ನೂಲುಗಳನ್ನು ಬೆರಳಲ್ಲಿ ಸವರುತ್ತಾ ತೂತಿನವರೆಗೂ ಹೋಗಿ ಬಂದರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. ನ್ಯಾಯಕ್ಕೆ ಬಂದು ಹಂಗಿಸಿದ್ದವನನ್ನು ಹುಡುಕಿಸಿ, ಬೀದಿಯಲ್ಲಿ ಮೂರು ಸಲ ಅಡ್ಡಾಡಿಸಿ, ಗೋಡೆಯ ಮೇಲೆ ಅವನನ್ನು ನೋಡಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಉಗ್ರಾಣ ಶಾಲೆಗೇ ಉಳಿಯಿತು. ಗೋಡೆಗೆ ಹೊಸ ಸುಣ್ಣವೂ ಬಂತು.

ಆಮೇಲೆ ಬಂದ ಇನ್‌ಸ್ಪೆಕ್ಟರ್ ಸಾಹೇಬರಿಗೆ ಎರಡನೆಯ ತರಗತಿಯ ಮಕ್ಕಳೇ ನೂಲು ಹಿಡಿದು ಪಾಠ ಹೇಳಿದರು. ಸಾಹೇಬರು ಬೆರಗಾಗಿ, ಇದು ಯಾರ ಬುದ್ಧಿ ಎಂದರು. ಮಕ್ಕಳೆದುರು ಸುಳ್ಳು ಹೇಳಲಾಗದೆ ನಾನು ನರಸಮ್ಮನ ಹೆಸರು ಹೇಳಿದೆ. ಆಕೆಗೆ ಓದುಬರಹ ಬಂದಿದ್ದರೆ ನಿಮ್ಮ ಕೆಲಸವನ್ನು ಆಕೆಗೇ ಕೊಡುತ್ತಿದ್ದೆ ಎಂದು ಅವರು ನಗುತ್ತಾ ಹೋದರು. ನಾನೂ ನಗುತ್ತಲೇ ಇದನ್ನು ನರಸಮ್ಮನಿಗೆ ಹೇಳಿದೆ.

ಆಕೆ ನಗಲಿಲ್ಲ. ಲಾಳಿಯನ್ನು ಕೆಳಗಿಟ್ಟು, "ಅಕ್ಷರ ಕಲಿಯಾಕೆ ಎಷ್ಟು ದಿನ ಬೇಕು ಮೇಷ್ಟ್ರೇ?" ಎಂದರು.

ಹತ್ತು ವರ್ಷವಾದರೂ ಬೇಕು ಎಂದು ನನ್ನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಪಕ್ಕದಲ್ಲಿದ್ದ ಹೆಂಡತಿ ನನ್ನ ಮುಖ ನೋಡಿದ ರೀತಿಗೆ ಮಾರನೆಯ ದಿನವೇ ಸ್ಲೇಟು, ಬಳಪ ಹಿಡಿದು ಅವರ ಮನೆಗೆ ಹೋದೆ. ಈಗ ಎರಡು ತಿಂಗಳಾಗಿದೆ. ನರಸಮ್ಮ ಆಗಲೇ ಒತ್ತಕ್ಷರ ದಾಟಿದ್ದಾರೆ. ನಾನೂ ಮೊದಲಿನ ಹಾಗಿಲ್ಲ, ಪಾಠದ ಪುಸ್ತಕವನ್ನು ಎರಡೆರಡು ಸಲ ಓದಿಕೊಂಡೇ ಶಾಲೆಗೆ ಹೋಗುತ್ತಿದ್ದೇನೆ.