ಆಕಾಶದವರನ್ನು ಏನೆಂದು ಕೂಗುವುದು

ಡಿಸೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು: ನಾನು, ನನ್ನ ನಾದಿನಿ ಕಮಲಾ, ಬಚ್ಚಲ ಒಲೆಗೆ ಕಟ್ಟಿಗೆ ತುರುಕುತ್ತಿದ್ದ ನಮ್ಮ ಯಜಮಾನರು. ಹೀಗೆ ಶುರು ಮಾಡದಿದ್ದರೆ ನನಗೆ ಯಾವ ಸಂಗತಿಯನ್ನೂ ಹೇಳಲು ಬರುವುದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ಗಂಟೆ ಹೊಡೆಯುವವರು ಈಗ ಇಲ್ಲದಿದ್ದರೂ ನನ್ನ ತಲೆಯೊಳಗೆ ಅದು ತಪ್ಪದೆ ಹೊಡೆಯುತ್ತದೆ. ಇದರಿಂದ ನನಗೇನೂ ತೊಂದರೆಯಿಲ್ಲ. ಮನೆಯವರಿಗೆ ಇದೆ ಎಂದು ಅವರು ಹೇಳುತ್ತಾರೆ.

ಆ ಹೊತ್ತಿಗೆ ಕಮಲಾಗೆ ಒಂದು ಫೋನ್ ಬಂತು. ಕಮಲಾ ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ನಮ್ಮ ಜೊತೆ ತೋಟದಲ್ಲೇ ಇದ್ದಾಳೆ. ಅಂದಿನಿಂದ ಕಥೆ ಬರೆಯುತ್ತಾಳೆ, ಪತ್ರಿಕೆಗಳಿಗೆ ಕಳಿಸುತ್ತಾಳೆ. ಯಾರೂ ಹಾಕಿರಲಿಲ್ಲ. ಈಗ ಮೊದಲ ಬಾರಿಗೆ ಒಂದು ವಾರಪತ್ರಿಕೆ ಒಪ್ಪಿಕೊಂಡಿತ್ತು. ಬೇರೆ ಗ್ರಹದವರು ಕಾಫಿ ತೋಟಕ್ಕೆ ಇಳಿಯುವ ಕಥೆ. ಸಂಪಾದಕರು ಫೋನಿನಲ್ಲಿ ಹೇಳಿದ್ದು ಇಷ್ಟು: "ಮೇಡಂ, ಕಥೆ ಚೆನ್ನಾಗಿದೆ. ಆದರೆ ಉದ್ದಕ್ಕೂ ಏಲಿಯನ್, ಏಲಿಯನ್ ಅಂತಿದೆ. ನಮ್ಮದೇ ಒಂದು ಮಾತು ಹುಡುಕಿಕೊಡಿ. ಸಂಜೆ ಏಳಕ್ಕೆ ಪುಟ ಮುಗಿಸ್ತೀವಿ. ಆಗದಿದ್ದರೆ ಆ ಜಾಗಕ್ಕೆ ಬೇರೆ ಕಥೆ ಇದೆ."

ಕಮಲಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. "ಅತ್ತಿಗೆ, ಇಷ್ಟು ವರ್ಷಕ್ಕೆ ಒಂದು ಬರ್ತಿತ್ತು. ಅದೂ ಒಂದು ಶಬ್ದಕ್ಕೋಸ್ಕರ ಹೋಯ್ತು ನೋಡಿ."

"ಹೋಗಲ್ಲ. ಎದ್ದು ಮುಖ ತೊಳ್ಕೋ. ತಿಂಡಿ ಎಂಟಕ್ಕೆ, ಶಬ್ದ ಒಂಬತ್ತಕ್ಕೆ" ಎಂದೆ.

ಒಂಬತ್ತಕ್ಕೆ ಸಿಗಲಿಲ್ಲ. 'ಅನ್ಯಗ್ರಹ ಜೀವಿ' ಎಂದರೆ ಏಳನೇ ತರಗತಿಯ ವಿಜ್ಞಾನ ಪಾಠದ ವಾಸನೆ ಬರುತ್ತದೆ ಎಂದಳು ಕಮಲಾ. 'ಪರಲೋಕದವರು' ಎಂದು ನಾನು ಸೂಚಿಸಿದೆ. ಬಚ್ಚಲಿನಿಂದ ನಮ್ಮ ಯಜಮಾನರು, "ಅವ್ರು ತಿಥಿ ಊಟಕ್ಕೆ ಬರೋರು ಮಾರಾಯ್ತಿ" ಎಂದರು. ಆ ಮನುಷ್ಯ ಬೇರೆ ಯಾವ ಸಲಹೆಯನ್ನೂ ಕೊಡದೆ ಮಿಂದು, ಕಾಫಿ ಕುಯ್ಲು ನೋಡಲು ತೋಟಕ್ಕೆ ಹೋದರು.

ಯಾವ ಕೆಲಸವನ್ನೂ ಬುಡದಿಂದ ಮಾಡಬೇಕು ಎಂಬುದು ನನ್ನ ಕ್ರಮ. ಆ ಇಂಗ್ಲಿಷ್ ಶಬ್ದ ಎಲ್ಲಿಂದ ಬಂತು ಎಂದು ಹುಡುಕಿದೆ. ಒಂದು ಕಡೆ ಹಳೆಯ ದಪ್ಪ ನಿಘಂಟು, ಇನ್ನೊಂದು ಕಡೆ ಫೋನು. ಹುಡುಕುತ್ತ ಹೋದಂತೆ ಆ ಶಬ್ದದ ಮೇಲೆ ನನಗೆ ಗೌರವವೇ ಹುಟ್ಟಿತು. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಬರೀ 'ಇನ್ನೊಬ್ಬರಿಗೆ ಸೇರಿದ್ದು' ಎಂದು ಅರ್ಥ. ಅಲ್ಲಿಂದ ಫ್ರೆಂಚಿಗೆ, ಇಂಗ್ಲಿಷಿಗೆ ಬಂದು ಶತಮಾನಗಟ್ಟಲೆ ಕೋರ್ಟು ಕಚೇರಿಯಲ್ಲಿ ದುಡಿಯಿತು. ಪಕ್ಕದ ದೇಶದಿಂದ ಬಂದ ಬಡಪಾಯಿ ವ್ಯಾಪಾರಿಯೇ ಆಗ ಏಲಿಯನ್. ಅವನಿಗೆ ಎರಡು ಕೈ, ಎರಡು ಕಾಲು, ತಲೆಯ ಮೇಲೊಂದು ಟೋಪಿ. ಹಸಿರು ಚರ್ಮವಾಗಲಿ, ಮೂರನೇ ಕಣ್ಣಾಗಲಿ ಇರಲಿಲ್ಲ.

ಆಕಾಶದ ಕಥೆ ಬರೆಯುವವರು ಮೊದಮೊದಲು ಈ ಶಬ್ದದ ತಂಟೆಗೇ ಹೋಗಲಿಲ್ಲ. ಮಂಗಳದಿಂದ ಬಂದವರು ಮಂಗಳದವರು, ಚಂದ್ರನಿಂದ ಬಂದವರು ಚಂದ್ರನವರು. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಹಾಸ್ಟೆಲಿನಲ್ಲೂ ಜೂನ್ ತಿಂಗಳಲ್ಲಿ ಹೊಸ ಹುಡುಗಿಯರಿಗೆ ಊರೇ ಹೆಸರು. 'ಸಂಸೆಯೋಳು ಊಟ ಬಿಟ್ಟಿದಾಳೆ ಮೇಡಂ', 'ಅತ್ತಿಗುಂಡಿಯೋಳು ಅಳ್ತಾ ಇದಾಳೆ ಮೇಡಂ.' ನನಗೆ ಗೊತ್ತಿಲ್ಲದ ಊರುಗಳಿಂದಲೂ ಬರತೊಡಗಿದಾಗ ಎಲ್ಲರಿಗೂ ಸೇರಿಸಿ 'ಹೊಸಬ್ಯಾಚು' ಎಂದೆವು. ಕಥೆಗಾರರಿಗೂ ಅದೇ ಆಯಿತು. ಮಂಗಳ ಮುಗಿದು, ಹೆಸರಿಲ್ಲದ ನಕ್ಷತ್ರಗಳ ಕಡೆಯಿಂದ ಜನ ಬರತೊಡಗಿದರು. ಆಗ ಅವರು ಹೊಸ ಶಬ್ದ ಕಟ್ಟುವ ಗೋಜಿಗೆ ಹೋಗದೆ, ಕಚೇರಿಯಲ್ಲಿ ಧೂಳು ಹಿಡಿದಿದ್ದ ಈ ಹಳೆಯ ಶಬ್ದವನ್ನೇ ಎತ್ತಿ ನಕ್ಷತ್ರದ ಪಕ್ಕದಲ್ಲಿ ಇಟ್ಟರು. ಒಂದಕ್ಷರ ಬದಲಿಸಲಿಲ್ಲ, ದೂರವನ್ನು ಮಾತ್ರ ಹೆಚ್ಚಿಸಿದರು. ಇಂಥ ಮಿತವ್ಯಯ ಮಾಡುವ ಅಡುಗೆಯವಳು ನನಗೆ ಹಾಸ್ಟೆಲಿನಲ್ಲಿ ಒಬ್ಬಳೂ ಸಿಗಲಿಲ್ಲ.

ಇದನ್ನೆಲ್ಲ ಮಧ್ಯಾಹ್ನ ಕಮಲಾಗೆ ವಿವರಿಸಿದೆ. ಅವಳು ಅನ್ನ ಕಲಸುತ್ತ, "ಇತಿಹಾಸ ಚೆನ್ನಾಗಿದೆ ಅತ್ತಿಗೆ. ಈಗ ನಾನೇನು ಬರೀಲಿ?" ಎಂದಳು.

ಸಂಜೆಯ ಹೊತ್ತಿಗೆ ನಮ್ಮ ಬಳಿ ಹತ್ತಾರು ಶಬ್ದಗಳಿದ್ದವು. ಯಾವುದನ್ನು ಆರಿಸುವುದು? ಕಥೆಯಲ್ಲಿ ಒಂದು ಕಡೆ, ತೋಟದ ಮೇಸ್ತ್ರಿ ಗುಡ್ಡದ ಮೇಲೆ ನಿಂತಿರುವ ಆ ಅತಿಥಿಗಳನ್ನು ಕಾಫಿಗೆ ಕೂಗಿ ಕರೆಯುತ್ತಾನೆ. ಹಾಗಾದರೆ ಕೂಗಲು ಬರುವ ಶಬ್ದವೇ ಆಗಬೇಕು, ಪರೀಕ್ಷೆ ಮಾಡಿಯೇ ತೀರೋಣ ಎಂದೆ. ಆಳುಗಳು ಕೆಲಸ ಬಿಟ್ಟು ಹೋಗಿದ್ದರು. ಯಜಮಾನರು ಜೀಪು ಹತ್ತಿ ಮೂಡಿಗೆರೆ ಪೇಟೆಗೆ ಹೋಗಿದ್ದರು. ಕಾಫಿ ಹರವಿದ್ದ ಕಣಕ್ಕೆ ಟಾರ್ಪಾಲು ಹೊದಿಸಿ, ಅಂಚಿನಲ್ಲಿ ನಿಂತು, ಹಳ್ಳದ ಕಡೆ ಮುಖ ಮಾಡಿ ನಾನು ಕೂಗಿದೆ: "ಅನ್ಯಗ್ರಹ ಜೀವಿಗಳೇ!" ಅರ್ಧಕ್ಕೇ ಉಸಿರು ಮುಗಿಯಿತು. ಅದನ್ನು ಕೈಬಿಟ್ಟೆವು. "ಗಗನದವರೇ!" ಗುಡ್ಡಕ್ಕೆ ಬಡಿದು ಹಾಗೇ ವಾಪಸು ಬಂತು. "ತಾರೆಯವರೇ!" "ದೂರದವರೇ!" ಕಮಲಾಳೂ ದನಿಗೂಡಿಸಿದಳು. ಇಬ್ಬರು ಮುದುಕಿಯರು ಸೂರ್ಯ ಮುಳುಗಿದ ಹೊತ್ತಿನಲ್ಲಿ ಹೀಗೆ ಕೂಗುತ್ತ ಹೋದೆವು. ಖುಷಿಯೂ ಆಗುತ್ತಿತ್ತು.

ನಮ್ಮ ಕಡೆ ಮನೆಗೊಂದು ಗುಡ್ಡ. ಕತ್ತಲಾಗುವ ಹೊತ್ತಿಗೆ ಒಂದು ಸಲ 'ಕೂ' ಎಂದರೆ ಕ್ಷೇಮ, ಮನೆ ಮುಟ್ಟಿದೆವು ಎಂದು. ಮೇಲಿಂದ ಮೇಲೆ ಕೂಗಿದರೆ ಆನೆ ನುಗ್ಗಿದೆ, ಇಲ್ಲವೇ ಯಾರಿಗೋ ಹಾವು ಕಚ್ಚಿದೆ. ನಾನು ಬಯಲುಸೀಮೆಯಿಂದ ಮದುವೆಯಾಗಿ ಬಂದವಳು, ನನಗೆ ನೆನಪಾಗಲಿಲ್ಲ ಎನ್ನೋಣ. ಇಲ್ಲೇ ಹುಟ್ಟಿದ ಕಮಲಾಗೂ ನೆನಪಾಗಲಿಲ್ಲ.

ಹಳ್ಳದ ಆಚೆ ಚಂದ್ರೇಗೌಡರ ಮನೆ. ನಾವು 'ಗಾಳಿಯವರೇ' ಎಂಬಲ್ಲಿಗೆ ತಲುಪುವಷ್ಟರಲ್ಲಿ ಹಳ್ಳ ದಾಟುವ ಕಾಲುಸಂಕದ ಮೇಲೆ ಟಾರ್ಚುಗಳು ಕಾಣಿಸಿದವು. ಮುಂದೆ ಕೋವಿ ಹಿಡಿದ ಗೌಡರು, ಹಿಂದೆ ಪಟಾಕಿ ಪೊಟ್ಟಣ ಹಿಡಿದ ಹೆಂಡತಿ ಸರೋಜಾ, ಅವರ ಹಿಂದೆ ಹಗ್ಗ, ಕತ್ತಿ ಹಿಡಿದ ಇಬ್ಬರು ಆಳುಗಳು. ಅವಸರಕ್ಕೆ ಸಂಕದಿಂದ ಕಾಲು ಜಾರಿರಬೇಕು, ಗೌಡರ ಲುಂಗಿ ಮೊಣಕಾಲವರೆಗೆ ಒದ್ದೆಯಾಗಿತ್ತು.

"ಎಷ್ಟಿವೆ ಅಕ್ಕ? ಮರಿ ಇದೆಯಾ?"

"ಏನು?"

"ಆನೆ."

ಹಾಸ್ಟೆಲಿನಲ್ಲಿ ಎಂಥೆಂಥ ತನಿಖಾಧಿಕಾರಿಗಳಿಗೆ ಉತ್ತರ ಕೊಟ್ಟವಳು ನಾನು. ಇದಕ್ಕೂ ಇದ್ದದ್ದನ್ನೇ ಹೇಳಿದೆ. "ಆನೆ ಇಲ್ಲ ಗೌಡ್ರೇ. ಬೇರೆ ಗ್ರಹದವರಿಗೆ ಹೆಸರು ನೋಡ್ತಾ ಇದ್ವಿ."

ಗೌಡರು ಕೋವಿಯನ್ನು ಇಳಿಸಿ ಹೆಂಡತಿಯ ಮುಖ ನೋಡಿದರು. ಸರೋಜಾ ಮೊದಲು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಆಮೇಲೆ ಕಣದ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನಮ್ಮತ್ತೆ ಊಟಕ್ಕೆ ಕೂತಿದ್ರು. ತಟ್ಟೆ ತಳ್ಳಿ, 'ಆಚೆಯೋರಿಗೆ ಏನೋ ಆಗಿದೆ, ಹೋಗ್ರೋ' ಅಂದ್ರು. ಒಬ್ರನ್ನೂ ಮನೇಲಿ ನಿಲ್ಲಕ್ಕೆ ಬಿಡ್ಲಿಲ್ಲ."

"ಯಾರಿಗೆ ಏನೋ ಆಗಿದೆ ಅಂದ್ರು?" ಎಂದು ಕೇಳಿದೆ.

"ಆಚೆಯೋರಿಗೆ. ನಿಮಗೆ."

ಈ ಮನೆಗೆ ಬಂದಂದಿನಿಂದ ನಾವು ಅವರನ್ನು ಆಚೆಯವರು ಎನ್ನುತ್ತೇವೆ. ಆಚೆಯವರ ಹಸು, ಆಚೆಯವರ ನಾಯಿ, ಆಚೆಯವರ ಮನೆಯ ಮದುವೆ. ನಾನು ನಿಂತ ಜಾಗವೇ ಈಚೆ ಎಂದು ತಿಳಿದಿದ್ದೆ. ಅದಕ್ಕೆ ಆಧಾರವೇನು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಕಮಲಾ ಒಳಗೆ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಕಾಫಿ ಸೋಸಿ ತರುವಷ್ಟರಲ್ಲಿ ಅವಳು ಏಲಿಯನ್ ಇದ್ದಲ್ಲೆಲ್ಲ 'ಆಚೆಯವರು' ಎಂದು ತಿದ್ದಿ ಕಳಿಸಿಯಾಗಿತ್ತು. ಏಳಕ್ಕೆ ಸ್ವಲ್ಪ ಮೊದಲು ಸಂಪಾದಕರ ಉತ್ತರ ಬಂತು. ಕಥೆ ಉಳಿಯಿತು. ಈ ಶಬ್ದ ಎಲ್ಲಿ ಸಿಕ್ಕಿತು ಎಂದು ಕೇಳಿದ್ದರು. ಕಮಲಾ ಅದನ್ನು ಓದಿ ಹೇಳಿದಾಗ ಗೌಡರು, "ನಮ್ಮಮ್ಮನ ಹೆಸರು ಹಾಕ್ಸಿ. ಅವರ ಊಟ ಅರ್ಧಕ್ಕೆ ನಿಂತಿದೆ" ಎಂದರು. ಒದ್ದೆ ಲುಂಗಿಯಲ್ಲಿ ಕೂತು ಅವರು ಆ ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿಸಿಕೊಂಡು ಕೇಳಿದರು. ಮುಗಿದ ಮೇಲೆ, ಇಳಿದವರಿಗೆ ಮೇಸ್ತ್ರಿ ಬರೀ ಕಾಫಿ ಕೊಟ್ಟಿದ್ದು ಸಾಲದು, ಅಷ್ಟು ದೂರದಿಂದ ಬಂದವರಿಗೆ ಊಟ ಹಾಕಬೇಕಿತ್ತು ಎಂದು ಆಕ್ಷೇಪ ಎತ್ತಿದರು. ಹೌದೆಂದು ಕಮಲಾ ಒಪ್ಪಿದಳು. ಆದರೆ ಹೊತ್ತು ಮೀರಿತ್ತು, ಆಗಲೇ ಪುಟ ಮುಗಿದಿತ್ತು.

ಅವರು ಹೊರಟ ಮೇಲೆ ಲೋಟಗಳನ್ನು ತೊಳೆದು ಕವುಚಿ ಹಾಕಿದೆ. ಹಳ್ಳದ ಅತ್ತ ಕಡೆಯಿಂದ 'ಕೂ' ಎಂದು ಒಂದು ಸಲ ಕೇಳಿಸಿತು. ಉತ್ತರ ಕೊಡುವುದೊಂದು ಬಾಕಿಯಿತ್ತು. ಅಂಗಳಕ್ಕೆ ಹೋಗಿ ನಾನೂ ಕೂಗಿದೆ. ಲೆಕ್ಕ ತಪ್ಪದಂತೆ ಒಂದೇ ಸಲ ಕೂಗಿದೆ. ಆಚೆಯವರಿಗೆ ಬುದ್ಧಿ ಬಂತು ಎಂದು ಗೌಡರ ಅಮ್ಮ ಅಲ್ಲಿ ಹೇಳಿರಬೇಕು. ಯಜಮಾನರ ಜೀಪೂ ಬಂದ ಮೇಲೆ ಒಳಗೆ ಬಂದು ಚಿಲಕ ಹಾಕಿದೆ.