ನೀಲಿ ಬಕೆಟ್ಟಿನ ಬಹುಮತ

ಮೂರನೇ ಮಹಡಿಯ ಹನ್ನೊಂದನೇ ಮನೆಯ ಬಾಲ್ಕನಿಯು ನಾಲ್ಕಡಿ ಉದ್ದ, ಎರಡಡಿ ಅಗಲವಿದ್ದು, ಅದರಲ್ಲಿ ಒಂದು ನೀಲಿ ಬಕೆಟ್ಟು, ಆರು ಟೊಮೆಟೊ ಸಸಿ ಹಾಗೂ ಒಬ್ಬ ಅತ್ತೆ ಇರುವುದು ತಪಾಸಣೆಯ ವೇಳೆ ಕಂಡುಬಂದಿತು.

ತಪಾಸಣೆಗೆ ಬಂದವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಮನೆ ಹೊಲಿಗೆಯಕ್ಕನದು. ಮಳೆಗಾಲದ ಕೊನೆಯಿಂದ ಚಳಿಗಾಲವಿಡೀ ತರಕಾರಿ ಸಿಪ್ಪೆ, ಒಣಗಿದೆಲೆ ತುಂಬಿ, ಎರೆಹುಳು ಬಿಟ್ಟು, ಅವಳು ಆ ಬಕೆಟ್ಟನ್ನು ಕೂಸಿನಂತೆ ಸಾಕಿದ್ದಳು. ಈಗ ವಸಂತ. ಗೊಬ್ಬರ ಹಾಕದಿದ್ದರೆ ಆ ಬಡಕಲು ಸಸಿಗಳು ಉಳಿಯುವಂತಿರಲಿಲ್ಲ.

“ನಿಯಮ ಹದಿನೇಳು. ಬಾಲ್ಕನಿಯಲ್ಲಿ ನಿವಾಸಿಗಳು, ಗಿಡಗಳ ಹೊರತು ಬೇರೇನೂ ಇರತಕ್ಕದ್ದಲ್ಲ. ಬಕೆಟ್ ಎಸೀರಿ,” ಎಂದರು ಕಾರ್ಯದರ್ಶಿ.

ಹೊಲಿಗೆಯಕ್ಕ ಬಕೆಟ್ಟಿಗೆ ಅಡ್ಡ ನಿಂತಳು. “ಅದ್ರಲ್ಲಿ ಹುಳ ಇದಾವೆ ಸಾರ್! ಆರು ತಿಂಗಳಿಂದ ಇಲ್ಲೇ ವಾಸ.”

ಕಾರ್ಯದರ್ಶಿಗಳ ಪೆನ್ನು ನಿಂತಿತು. ನಿಯಮ ನಾಲ್ಕರ ಪ್ರಕಾರ ಆರು ತಿಂಗಳು ವಾಸವಿದ್ದವರು ಯಾರೇ ಆಗಲಿ, ನಿವಾಸಿಗಳು. ಮನುಷ್ಯರೇ ಆಗಿರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ.

“ನಿಯಮ ತಪ್ಪಿರಬೇಕು,” ಎಂದರು ಅತ್ತೆ.

“ಬರೆದೋನು ನಾನು ಕಣಮ್ಮ. ತಪ್ಪಿರಲ್ಲ.”

ಅಲ್ಲೇ ಚಾಪೆ ಹಾಸಿ ಎಣಿಕೆ ನಡೆಸಲಾಯಿತು. ನಾನೂರ ಹನ್ನೆರಡು. ಎಣಿಸುವಾಗ ಎರಡು ಹುಳ ಮತ್ತೆ ಮತ್ತೆ ಸಾಲು ತಪ್ಪಿಸಿದ್ದರಿಂದ ಅವಕ್ಕೆ ಎಚ್ಚರಿಕೆ ನೀಡಲಾಯಿತು.

ಮುಂದಿನ ಭಾನುವಾರ ಸಂಘದ ಚುನಾವಣೆ. ಅಭ್ಯರ್ಥಿಯಾದ ಕಾರ್ಯದರ್ಶಿಗಳಿಗೆ ಮತವಿರಲಿಲ್ಲ; ಕಟ್ಟಡದ ಉಳಿದ ಮೂವತ್ತಾರು ಮನುಷ್ಯರೂ ಅವರ ವಿರುದ್ಧ ಕೈ ಎತ್ತಿದರು. ಬಕೆಟ್ಟು ಎತ್ತಲಿಲ್ಲ. ವಿರೋಧಿಸದವರು ಬೆಂಬಲಿಸಿದಂತೆ ಎಂಬ ನಿಯಮವಿದ್ದುದರಿಂದ ಕಾರ್ಯದರ್ಶಿಗಳು ನಾನೂರ ಹನ್ನೆರಡು ಮತ ಪಡೆದು ಆರಿಸಿ ಬಂದರು. ಮತದಾರರಿಗೆ ಕಲ್ಲಂಗಡಿ ಸಿಪ್ಪೆ ಹಂಚಿ ಕೃತಜ್ಞತೆ ಸಲ್ಲಿಸಿದರು.

ಮರುದಿನ ಬಕೆಟ್ಟಿನ ಮೇಲೆ ಪ್ರಕಟಣೆ ಬಿತ್ತು: “ಇದು ಮತದಾರರ ವಾಸಸ್ಥಳ. ಒಂದು ಹಿಡಿ ಗೊಬ್ಬರ ತೆಗೆದರೂ ಒಕ್ಕಲೆಬ್ಬಿಸಿದ ಅಪರಾಧ.”

ಬಕೆಟ್ಟು ಉಳಿಯಿತು, ಗೊಬ್ಬರ ಕೈತಪ್ಪಿತು! ಸಸಿಗಳ ಎಲೆ ಹಳದಿಯಾಗತೊಡಗಿತು. ಕಪ್ಪಗೆ ಹುಡಿಹುಡಿಯಾದ ಗೊಬ್ಬರ ಕೈಗೆಟಕುವಂತಿದ್ದೂ ಮುಟ್ಟುವಂತಿಲ್ಲವೆಂದು ಹೊಲಿಗೆಯಕ್ಕನಿಗೆ ಅಳುವೇ ಬಂತು.

“ಅತ್ತು ಏನು ಬರುತ್ತೆ?” ಎಂದರು ಅತ್ತೆ. “ಅವ್ರನ್ನೇ ಕೇಳಿ ನೋಡು.”

“ಯಾರನ್ನ ಅತ್ತೆ?”

“ನಿನ್ನ ಮತದಾರರನ್ನ.”

ಹೊಲಿಗೆಯಕ್ಕ ಕಣ್ಣೊರೆಸಿಕೊಂಡು ತುರ್ತುಸಭೆ ಕರೆದಳು. ಬಾಲ್ಕನಿಯಲ್ಲಿ ಜಾಗ ಸಾಲದೆ ಮನುಷ್ಯರು ಮೆಟ್ಟಿಲ ಮೇಲೆ ನಿಂತರು. ಅವಳು ಬಕೆಟ್ಟಿನತ್ತ ಬಾಗಿ, ಸ್ಪಷ್ಟ ದನಿಯಲ್ಲಿ ಠರಾವು ಓದಿದಳು: “ಸಿದ್ಧವಾದ ಗೊಬ್ಬರವನ್ನು ಸಸಿಗಳಿಗೆ ಹಾಕತಕ್ಕದ್ದು. ವಿರೋಧವಿದ್ದವರು ಕೈ ಎತ್ತಿ.”

ಕಾರ್ಯದರ್ಶಿ ಒಬ್ಬರೇ ಎತ್ತಿದರು. ಬಕೆಟ್ಟಿನಿಂದ ಯಾವ ಕೈಯೂ ಮೇಲೇಳಲಿಲ್ಲ. ಠರಾವು ಅಂಗೀಕಾರವಾಯಿತು.

ರುಚಿ ಹತ್ತಿದ ಹೊಲಿಗೆಯಕ್ಕ ಉಸಿರು ತೆಗೆದುಕೊಳ್ಳದೆ ಮುಂದಿನದನ್ನೂ ಓದಿದಳು. ಟೆರೇಸು ಟೊಮೆಟೊ ತೋಟವಾಗತಕ್ಕದ್ದು: ಅಂಗೀಕಾರ. ಮನೆಗೊಂದು ಬಕೆಟ್ಟು: ಅಂಗೀಕಾರ. ಟೆರೇಸಿಗೆ ಮಣ್ಣು ಹೊರುವ ಕೆಲಸ ಕಾರ್ಯದರ್ಶಿಗಳದು: ಮೆಟ್ಟಿಲ ಮೇಲೆ ಶಿಳ್ಳೆಗಳ ನಡುವೆ ಅಂಗೀಕಾರ.

ಅಂದಿನಿಂದ ಆ ಕಟ್ಟಡದಲ್ಲಿ ಏನೇ ತೀರ್ಮಾನವಾಗಬೇಕಿದ್ದರೂ ಬಕೆಟ್ಟಿನ ಮುಂದೆ ಓದುವುದು ವಾಡಿಕೆಯಾಯಿತು. ಇಷ್ಟು ತಾಳ್ಮೆಯಿಂದ ಯಾರೂ ಕೇಳಿಸಿಕೊಂಡಿರಲಿಲ್ಲ ಎಂಬುದು ಎಲ್ಲರ ಅಭಿಪ್ರಾಯ.

ಸಭೆಯ ಮರುದಿನ ಬೆಳಗ್ಗೆ ಕಾರ್ಯದರ್ಶಿ ಮೂಟೆ ಹೊತ್ತು, ಏದುಸಿರು ಬಿಡುತ್ತ ಟೆರೇಸು ಹತ್ತಿದರು.

“ಬೇಜಾರಾಯ್ತಾ ಸಾರ್?” ಎಂದಳು ಹೊಲಿಗೆಯಕ್ಕ.

“ಛೆ, ಬಹುಮತ ಅಂದ್ಮೇಲೆ ಬಹುಮತ ಕಣಮ್ಮ,” ಎಂದರು ಅವರು. “ಮಣ್ಣು ಎಲ್ಲಿ ಸುರೀಲಿ?”